ಧಣಿ ಬೋಲ್ಟು

ಮೊನ್ನೆ ಗಜೇಂದ್ರಗಡಕ್ಕೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಗುಡ್ಡದ ಕಡೆಯಿಂದ ಒಂದು ಕೆಂಪು ಕಾರು ಇಳಿದು ಬಂತು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವಂಥ ಕಾರು. ರಸ್ತೆಯ ಉಬ್ಬಿನ ಮೇಲೆ ಕರ್ರೆಂದು ಕೆರೆದುಕೊಂಡಿತು, ನಿಂತವರು ನಕ್ಕರು, ಅದು ಯಾರನ್ನೂ ಲೆಕ್ಕಕ್ಕೆ ಹಿಡಿಯದೆ ಗುಡುಗುತ್ತ ಹೋಯಿತು. ಹಿಂದೆ ಉಳಿದದ್ದು ಪೂರ್ತಿ ಸುಡದ ಪೆಟ್ರೋಲಿನ ಖಾರ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ರಟ್ಟೆ ತಾನಾಗಿಯೇ ಬಿಗಿಯಾಯಿತು. ಆ ಎಂಜಿನ್ನಿನ ಒಳಗೆ ಏನೇನಿದೆ ಎಂಬುದು ಆ ಮದುವೆಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಅದರ ಸಲುವಾಗಿ ಒಂದು ಮಳೆಗಾಲವಿಡೀ ನಾನು ಯಾರ ಯಾರ ಜೊತೆ ಜಗಳ ಕಾದೆ ಎಂಬುದೂ ಗೊತ್ತು.

ನರಗುಂದದಲ್ಲಿ, ಗುಡ್ಡದ ಬುಡಕ್ಕೆ, ದೊಡ್ಡ ರಸ್ತೆಯ ಮಗ್ಗುಲಿಗೆ ಅಬ್ಬಾನ ಎಂಜಿನ್ ಅಂಗಡಿ. ಅಬ್ಬಾ ಎಂದರೆ ಮೌಲಾಸಾಬ ಮಿಸ್ತ್ರಿ. ಕಾಲುವೆ ನೀರಿನ ಊರು ನಮ್ಮದು. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕಾಳು ರಾಶಿ ಮಾಡುವ ಮಶೀನು ಯಾವುದು ಕೆಟ್ಟರೂ ನಮ್ಮ ಬಾಗಿಲಿಗೇ ಬರುತ್ತಿತ್ತು. ನಾನು ಅವರ ಕಿರಿಯ ಮಗಳು ಹಸೀನಾ. ಗದಗಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸೀದಾ ಬಂದು ಕಬ್ಬಿಣ ಕಡೆಯುವ ಲೇಥಿನ ಮುಂದೆ ನಿಂತೆ. ಓದಿದ ಹುಡುಗಿ ಎಣ್ಣೆಯಲ್ಲಿ ಕೈ ಅದ್ದುತ್ತಾಳಲ್ಲ ಎಂದು ಓಣಿಯವರು ಮೂಗು ಮುರಿದರು. ಮುರಿಯಲಿ, ಮೂಗು ಅವರದು.

ಆ ವರ್ಷ ಅಬ್ಬಾನ ಬೆನ್ನು ಕೈಕೊಟ್ಟಿತು. ಭಾರ ಎತ್ತಬಾರದು ಎಂದು ದವಾಖಾನೆಯಲ್ಲಿ ಖಡಾಖಂಡಿತವಾಗಿ ಹೇಳಿದರು. ಅಂಗಡಿ ಯಾರಿಗೆ ಎಂಬ ಮಾತು ಅಲ್ಲಿಂದ ಎದ್ದಿತು. ಅಕ್ಕನ ಗಂಡ ದಾವಲಸಾಬನಿಗೆ ರೋಣದಲ್ಲಿ ಟೈರಿನ ಅಂಗಡಿ ಇದೆ. ಲೇಥು, ಬೋರಿಂಗ್ ಮಶೀನು ಎಲ್ಲವನ್ನೂ ರೋಣಕ್ಕೆ ಒಯ್ದು ಅಲ್ಲೇ ದೊಡ್ಡದಾಗಿ ಮಾಡೋಣ, ನರಗುಂದದ ಶೆಡ್ಡು ಬಾಡಿಗೆಗೆ ಕೊಡೋಣ ಎಂಬುದು ಅವನ ಲೆಕ್ಕ. ಭಾವ ಕೆಟ್ಟವನಲ್ಲ. ಆದರೆ ಆ ಲೆಕ್ಕದಲ್ಲಿ ನಾನು ಎಲ್ಲಿಯೂ ಇರಲಿಲ್ಲ. ಅಬ್ಬಾ ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಗಡ್ಡ ನೀವಿಕೊಂಡು ಕೂತರು. ನನಗೆ ಮೈ ಉರಿದುಹೋಗುತ್ತಿತ್ತು.

ಅಂಥ ಹೊತ್ತಿನಲ್ಲಿ ಗಜೇಂದ್ರಗಡದ ಅಂದಾನಪ್ಪನವರು ಆ ಕೆಂಪು ಕಾರನ್ನು ಟೆಂಪೋದ ಮೇಲೆ ಹೇರಿಕೊಂಡು ಬಂದರು. ಎಣ್ಣೆಕಾಳಿನ ವ್ಯಾಪಾರಿ, ಐವತ್ತು ದಾಟಿದ ಮನುಷ್ಯ, ಬಿಳಿ ಜುಬ್ಬಾ, ಹಣೆಗೆ ವಿಭೂತಿ. ಅವರ ಟ್ರ್ಯಾಕ್ಟರು, ಜೀಪು ಎಲ್ಲ ಅಬ್ಬಾನ ಕೈಯಲ್ಲೇ ಹಳೆಯದಾದವು. ಈ ಕಾರನ್ನು ಎಲ್ಲಿಯೋ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಅದರಲ್ಲಿ ಕೂಡಬೇಕಾದರೆ ಒಬ್ಬರು ಕೈ ಹಿಡಿಯಬೇಕು, ಇಳಿಯಬೇಕಾದರೆ ಇಬ್ಬರು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಇಡೀ ಪೇಟೆ ನಗುತ್ತಿತ್ತಂತೆ. ನಗೋರಿಗೆ ಹಲ್ಲು ಅದಾವ, ನಗ್ತಾರ ಎಂದು ಅವರು ಚಹಾ ಕಪ್ಪಿನಿಂದ ಬಸಿಗೆ ಸುರಿದು ಕುಡಿದರು. ದಸರೆಗೆ ಮೊದಲು ತಮಿಳುನಾಡಿನ ಟ್ರ್ಯಾಕಿನಲ್ಲಿ ಕಾರುಗಳ ಒಂದು ಓಟಕ್ಕೆ ಹೆಸರು ಹಚ್ಚಿದ್ದರು. ಊರಿಗೆಲ್ಲ ಹೇಳಿಕೊಂಡೂ ಬಂದಿದ್ದರು.

ಎಂಜಿನ್ ಬಿಚ್ಚಿದೆ. ಒಂದು ಕನೆಕ್ಟಿಂಗ್ ರಾಡು ಬಾಗಿತ್ತು. ಕನೆಕ್ಟಿಂಗ್ ರಾಡು ಎಂದರೆ ಎಂಜಿನ್ನಿನ ತೋಳು. ಬೀಸುವ ಕಲ್ಲಿನ ಗೂಟ ಹಿಡಿದ ಹೆಂಗಸನ್ನು ನೆನಪಿಸಿಕೊಳ್ಳಿ: ಭುಜ ಹಿಂದೆ ಮುಂದೆ ಆಡುತ್ತದೆ, ಕಲ್ಲು ಗರಗರ ತಿರುಗುತ್ತದೆ, ನಡುವಿನ ದುಡಿಮೆಯೆಲ್ಲ ತೋಳಿನದು. ಮೇಲೆ ಭುಜದಂತೆ ಆಡುವ ಪಿಸ್ಟನ್ನು, ಕೆಳಗೆ ಕಲ್ಲಿನಂತೆ ತಿರುಗುವ ಕ್ರ್ಯಾಂಕು, ನಡುವೆ ಈ ರಾಡು. ಹಿಂದಿನ ಮಾಲೀಕ ಯಾವನೋ ಟರ್ಬೋದ ಗಾಳಿ ಏರಿಸಿ ಎಂಜಿನ್ನಿಗೆ ಬಲ ಹೆಚ್ಚಿಸಿದ್ದ. ಬಲ ಹೆಚ್ಚಿತು, ತೋಳು ಮಾತ್ರ ಹಳೆಯದೇ ಉಳಿಯಿತು, ಬಾಗದೆ ಏನು ಮಾಡೀತು. ಅಂದಾನಪ್ಪನವರು ಪುಣೆಯ ವ್ಯಾಪಾರಿಯಿಂದ ಹೊಸ ರಾಡು ತರಿಸಿದ್ದರು. ಕಾಸಿ, ಒತ್ತಿ ಮಾಡಿದ ಗಟ್ಟಿ ಉಕ್ಕಿನವು, ಫೋರ್ಜ್ಡ್ ಅನ್ನುತ್ತಾರೆ. ನಾಲ್ಕು ರಾಡು, ಒಂದೊಂದಕ್ಕೆ ಎರಡು ಬೋಲ್ಟು. ಕೈಯಲ್ಲಿ ಹಿಡಿದಾಗ ನನಗೆ ಬಿಡಲು ಮನಸ್ಸಾಗಲಿಲ್ಲ. ಅಷ್ಟು ಚೆಂದ ಇದ್ದವು.

ಆ ದಿನವೇ ಅಬ್ಬಾ, ಅಂದಾನಪ್ಪನವರ ಎದುರಿಗೇ, ಭಾವನ ಎದುರಿಗೇ ನನಗೆ ಹೇಳಿದರು. "ಈ ಎಂಜಿನ್ ನೀನ ಮಾಡು. ನಾ ಕೈ ಹಚ್ಚೂದಿಲ್ಲ. ಧಣಿ ನಕ್ಕೋತ ಹೋದ್ರ ಅಂಗಡಿ ನಿಂದು. ಇಲ್ಲಾಂದ್ರ ರೋಣಕ್ಕ ಹೋಗತೈತಿ."

ಧಣಿ ಎಂದರೆ ನಮ್ಮಲ್ಲಿ ಎಂಜಿನ್ನಿನ ಮಾಲೀಕ. ಅವನು ನಗುತ್ತ ಹೋಗಬೇಕು ಎಂಬುದು ಅಬ್ಬಾನ ದುಡಿಮೆಯ ಒಂದೇ ಕಾನೂನು. ನಾನು ಆಗಲಿ ಎಂದೆ. ಅಂದಾನಪ್ಪನವರು ಈಗಲೇ ನಗುತ್ತಿದ್ದರು, ಇನ್ನೇನು ಬೇಕು ಎಂದುಕೊಂಡೆ.

ಆ ಮಳೆಗಾಲ ಹಿಡಿದದ್ದು ಬಿಡಲಿಲ್ಲ. ಹೊಲದಲ್ಲಿ ಹೆಸರುಕಾಳು ಬುಡ್ಡಿಯಲ್ಲೇ, ಕಾಯಿಯ ಒಳಗೇ, ಮೊಳಕೆಯೊಡೆಯಿತು. ಎರೆಮಣ್ಣು ಮೆತ್ತಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬಂದು ನಿಂತವು. ಅವನ್ನು ಅಬ್ಬಾ ಕೂತಲ್ಲಿಂದಲೇ ಆಳುಗಳಿಂದ ಮಾಡಿಸಿದರು. ನಾನು ಒಳಗೆ, ಶೆಡ್ಡಿನ ಮೂಲೆಗೆ ಪರದೆ ಕಟ್ಟಿ, ಧೂಳು ಬಾರದ ಹಾಗೆ ಮೇಜು ತೊಳೆದು, ಆ ರಾಡುಗಳ ಜೊತೆ ಕೂತೆ. ನಾಲ್ಕೂ ರಾಡು ಒಂದೇ ತೂಕ ಇರಬೇಕು, ಇಲ್ಲವಾದರೆ ಎಂಜಿನ್ನು ನಡುಗಿ ನಡುಗಿ ತನ್ನನ್ನು ತಾನೇ ತಿನ್ನುತ್ತದೆ. ನಮ್ಮ ತಕ್ಕಡಿ ಸ್ಕ್ರ್ಯಾಪ್ ತೂಗುವುದಕ್ಕೆ ಸರಿ, ಇದಕ್ಕಲ್ಲ. ಹಾಗಾಗಿ ರಾಡುಗಳನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಪೇಟೆಯ ಪತ್ತಾರರ ಅಂಗಡಿಗೆ ಹೋದೆ. ಬಂಗಾರ ತೂಗುವ ಕಾಟಾದ ಮೇಲೆ ಕಬ್ಬಿಣ ಇಟ್ಟದ್ದು ಕಂಡು ಬೋರಮಾಳ ಸರ ಕೊಳ್ಳಲು ಬಂದಿದ್ದ ಹೆಂಗಸರು ದಂಗಾದರು. ತೂಗಿಕೊಂಡು ಬರುವುದು, ಹೆಚ್ಚಿದ್ದ ಕಡೆ ನಯವಾಗಿ ಸವರುವುದು, ಮತ್ತೆ ಓಡುವುದು. ಮದುವಿ ಯಾವಾಗವಾ, ಇಷ್ಟೊಂದು ಮಾಡಿಸಾಕತ್ತೀಯಲ್ಲ ಎಂದು ಪತ್ತಾರರು ದಿನಾ ಕಾಡಿಸುತ್ತಿದ್ದರು.

ಬೋಲ್ಟಿನದು ಇನ್ನೂ ಸೂಕ್ಷ್ಮ. ಬೋಲ್ಟು ಬಿಗಿಯುವುದೆಂದರೆ ಅದನ್ನು ಕೂದಲೆಳೆಯಷ್ಟು ಉದ್ದಕ್ಕೆ ಜಗ್ಗುವುದು. ಜಗ್ಗಿದ ಬೋಲ್ಟು ಮೊದಲಿನ ಉದ್ದಕ್ಕೆ ಬರಬೇಕೆಂದು ಹಟ ಮಾಡುತ್ತದೆ, ಆ ಹಟವೇ ರಾಡನ್ನು ಕ್ರ್ಯಾಂಕಿಗೆ ಹಿಡಿದಿಡುತ್ತದೆ. ಮಿತಿ ಮೀರಿ ಜಗ್ಗಿದರೆ ಸಣ್ಣ ಹುಡುಗರ ಚಡ್ಡಿಯ ಇಲಾಸ್ಟಿಕ್ಕಿನ ಗತಿ. ನೋಡಲು ಅದೇ, ಹಿಡಿತ ಹೋಗಿರುತ್ತದೆ. ಚಡ್ಡಿ ಜಾರಿದರೆ ಮಾನ ಅಷ್ಟೇ ಹೋಗುತ್ತದೆ. ಇದು ಓಟದ ನಡುವೆ ಜಾರಿದರೆ ರಾಡು ಎಂಜಿನ್ನಿನ ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ, ಸುಡುವ ಎಣ್ಣೆ ಗಾಲಿಯ ಕೆಳಗೆ ಬೀಳುತ್ತದೆ, ಒಳಗೆ ಕೂತವನ ಗತಿ ದೇವರೇ ಬಲ್ಲ. ಅದಕ್ಕೇ ಪ್ರತಿ ಬೋಲ್ಟಿನ ಉದ್ದವನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಬಿಗಿಯುವುದಕ್ಕೆ ಟಾರ್ಕ್ ಪಾನಾ. ಎಷ್ಟು ಬಲ ಬೇಕೋ ಅಷ್ಟಕ್ಕೆ ಇಟ್ಟರೆ, ಅಲ್ಲಿಗೆ ಮುಟ್ಟಿದಾಗ ಟಕ್ ಅನ್ನುತ್ತದೆ. ಟಕ್ ಅಂದ ಮೇಲೆ ಕೈ ತೆಗೆಯಬೇಕು.

ಕೈ ತೆಗೆಯುವುದು ನಮ್ಮ ಕಡೆಯ ಗಂಡಸರಿಗೆ ಬರುವುದಿಲ್ಲ. ಅದರಲ್ಲೂ ನಮ್ಮ ಅಂಗಡಿಯಲ್ಲಿ ಒಂದು ರಿವಾಜು ಇತ್ತು. ಎಂಜಿನ್ನು ಮುಚ್ಚುವ ಮೊದಲು ಧಣಿಯನ್ನು ಕರೆಯಬೇಕು. ಅವನು ಒಳಗೆ ಬಗ್ಗಿ ನೋಡಬೇಕು, ಹೊಸ ಸಾಮಾನು ಹಾಕಿದ್ದು ಕಣ್ಣಾರೆ ಕಾಣಬೇಕು. ಆಮೇಲೆ ಕೊನೆಯ ರಾಡಿನ ಕೊನೆಯ ಬೋಲ್ಟನ್ನು ತನ್ನ ಕೈಯಿಂದಲೇ ಬಿಗಿಯಬೇಕು. ಅದಕ್ಕೆ ಧಣಿ ಬೋಲ್ಟು ಎನ್ನುತ್ತಿದ್ದೆವು. ಅಜ್ಜನ ಕಾಲದಿಂದ ಬಂದದ್ದು. ಧಣಿ ತನ್ನ ಮನೆದೇವರ ಹೆಸರು ಹೇಳಿ ಒಂದು ಎಳೆತ ಎಳೆಯುತ್ತಾನೆ, ಎಲ್ಲರಿಗೂ ಸಕ್ಕರೆ ಹಂಚುತ್ತಾನೆ, ಎಂಜಿನ್ನು ಮುಚ್ಚುತ್ತೇವೆ. ಟ್ರ್ಯಾಕ್ಟರಿನ ದಪ್ಪ ಬೋಲ್ಟು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಈ ಎಂಜಿನ್ನಿಗೆ ಇದು ಬೇಡ ಎಂದು ನಾನು ಹಿಂದಿನ ದಿನವೇ ಅಬ್ಬಾನ ಹತ್ತಿರ ವಾದ ಮಾಡಿದೆ. ರಿವಾಜು ತೆಗೆದರೆ ಈ ಅಂಗಡಿಯಲ್ಲಿ ಉಳಿಯುವುದು ಬರೀ ಎಣ್ಣೆ ಎಂದರು. ಕೊನೆಗೆ, ಟಾರ್ಕ್ ಪಾನಾದಲ್ಲೇ ಬಿಗಿಯಬೇಕು, ಟಕ್ ಅಂದ ಕೂಡಲೇ ಬಿಡಬೇಕು ಎಂಬ ಮಾತಿಗೆ ಒಪ್ಪಂದವಾಯಿತು.

ಅಂದಾನಪ್ಪನವರು ಮಡಿ ಜುಬ್ಬಾ ಹಾಕಿಕೊಂಡು, ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಬಗ್ಗಿ ನೋಡಿ, ಏ ಭಾರೀ ಅದಾವಲ್ಲ ಎಂದರು. ನಾನು ಪಾನಾ ಕೈಗೆ ಕೊಟ್ಟು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಹೂಂ ಹೂಂ ಎಂದರು. ಎಳೆದರು. ಟಕ್ ಅಂದಿತು. ಒಂದು ಕ್ಷಣ ನಿಂತರು. ಆಮೇಲೆ ಕಣ್ಣು ಮುಚ್ಚಿ, ಕಾಲಕಾಲೇಶ್ವರಾ ಎಂದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಇನ್ನೊಂದು ಎಳೆತ ಎಳೆದರು. ಭಕ್ತಿಯಿಂದಲೇ ಎಳೆದರು, ಪಾಪ. ಪಾನಾ ನರಳಿದ್ದು ನನಗೆ ಕೇಳಿಸಿತು.

ಎಲ್ಲರೂ ಪೇಢೆಗೆ ಕೈ ಚಾಚುತ್ತಿದ್ದಾಗ ನಾನು ಆ ಬೋಲ್ಟು ಬಿಚ್ಚಿದೆ. ಒರೆಸಿ ಅಳೆದೆ. ಮತ್ತೆ ಅಳೆದೆ. ಸೀಮೆಸುಣ್ಣದಲ್ಲಿ ಬರೆದ ಉದ್ದಕ್ಕೆ ಅದು ವಾಪಸು ಬಂದಿರಲಿಲ್ಲ. ಈ ಬೋಲ್ಟು ಸತ್ತಿತು, ಹಾಕಲು ಬರುವುದಿಲ್ಲ ಎಂದೆ. ಬೇರೆ ಬಿಡಿ ಬೋಲ್ಟು ನಮ್ಮ ಹತ್ತಿರ ಇರಲಿಲ್ಲ. ಅಲ್ಲೇ ನಿಂತು ಪುಣೆಗೆ ಫೋನು ಹಚ್ಚಿದೆ. ಹೊರದೇಶದಿಂದ ತರಿಸಬೇಕು, ಓಟದ ಒಳಗೆ ಬರುವುದಿಲ್ಲ ಎಂದ ವ್ಯಾಪಾರಿ.

ಶೆಡ್ಡಿನಲ್ಲಿ ನಗು ನಿಂತಿತು. ಕೂದಲೆಳೆಯ ಸಲುವಾಗಿ ಇಷ್ಟು ಗದ್ದಲವೇ, ಹಾಕಿ ಮುಚ್ಚಿದರೆ ಯಾರಿಗೆ ತಿಳಿಯುತ್ತದೆ ಎಂದ, ಅಂದು ರೋಣದಿಂದ ಬಂದಿದ್ದ ಭಾವ. ಅಂದಾನಪ್ಪನವರು ಮೊದಲು ನನ್ನನ್ನು ರಮಿಸಿದರು, ಆಮೇಲೆ ಕೆಂಪಾದರು. ತಮ್ಮ ಕಾರು, ತಮ್ಮ ಜೀವ, ತಾವೇ ಹಾಕು ಅಂತಿರುವಾಗ ನಿನಗೇನು ಎಂದರು. ಓಟಕ್ಕೆ ಹೋಗದೆ ಉಳಿದರೆ ಗಜೇಂದ್ರಗಡದಲ್ಲಿ ಮುಖ ತೋರಿಸುವುದು ಹೇಗೆ ಎಂದಾಗ ಅವರ ದನಿ ಒಡೆಯಿತು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿರಲಿಲ್ಲ.

ಅಬ್ಬಾ ತಾವು ಕೂತಿದ್ದ ಮಂಚದಿಂದ ಎದ್ದು ನಿಂತರು. "ಹಸೀನಾ, ಧಣಿ ಹೇಳಾಕತ್ತಾರ. ಹಾಕು."

ಲೇಥಿನ ಕಡೆ ನೋಡಿದೆ. ಹಾಕಿದರೆ ಅದು ನನ್ನದು. ಬೋಲ್ಟು ಹಿಡಿಯಬಹುದು ಕೂಡ. ಹಿಡಿಯುವುದಿಲ್ಲ ಎಂದು ಆಣೆ ಮಾಡಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಅಂಗಡಿ ಬೇಕಿತ್ತು ನನಗೆ, ಭಾಳ ಬೇಕಿತ್ತು. ಇನ್ನೊಂದು ಗಳಿಗೆ ನಿಂತಿದ್ದರೆ ಹಾಕಿಬಿಡುತ್ತಿದ್ದೆನೋ ಏನೋ. ಆ ಹೆದರಿಕೆಗೇ ಬೋಲ್ಟನ್ನು ವೈಸಿನ ದವಡೆಗೆ ಕಚ್ಚಿಸಿ ಕಟಿಂಗ್ ಮಶೀನು ಚಾಲೂ ಮಾಡಿದೆ. ಕಿಡಿ ಹಾರಿದವು, ಭಾವ ಹಿಂದಕ್ಕೆ ಜಿಗಿದ. ಎರಡು ತುಂಡು ಮಾಡಿ ಮೇಜಿನ ಮೇಲೆ ಇಟ್ಟೆ.

"ತಗೋರಿ," ಅಂದೆ. "ಈಗ ಯಾರ್ ಹಾಕ್ತೀರಿ, ಹಾಕ್ರಿ."

ಅಂದಾನಪ್ಪನವರು ಪೇಢೆಯ ಡಬ್ಬಿಯನ್ನು ಅಲ್ಲೇ ಬಿಟ್ಟು, ಜುಬ್ಬಾದ ತುದಿ ಎತ್ತಿ ಹಿಡಿದು, ಮಳೆಯಲ್ಲಿ ನಡೆದು ಹೋದರು. ಛತ್ರಿ ಒಯ್ಯಿರಿ ಎಂದು ಅಬ್ಬಾ ಕೂಗಿದ್ದು ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ. ಅಬ್ಬಾ ಎದುರಿನ ಚಹಾದಂಗಡಿಗೆ ಹೋಗಿ ನಮ್ಮ ಕಡೆ ಬೆನ್ನು ಮಾಡಿ ಕೂತರು. ಮನೆಗೆ ಬಂದ ಮೇಲೆ ಒಂದೇ ಮಾತು ಆಡಿದ್ದು: ಧಣಿ ನಗುತ್ತ ಹೋಗಲಿಲ್ಲ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುವ ಮನೆ ನಮ್ಮದು, ಆ ತಟ್ಟೆಯೂ ಬೇರೆಯಾಯಿತು. ಕಣ್ಣೀರು ಹಾಕಿದೆನೇ ಎಂದರೆ, ಹೌದು, ಹಾಕಿದೆ. ಲೇಥಿನ ಹಿಂದೆ ನಿಂತು ಅತ್ತೆ. ಆದರೆ ತಪ್ಪಾಯಿತು ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಓಟದ ದಿನ ಬಂತು, ಹೋಯಿತು. ಗಜೇಂದ್ರಗಡದಲ್ಲಿ ನಕ್ಕರಂತೆ. ನರಗುಂದದಲ್ಲಂತೂ ನಾನು ಹುಚ್ಚಿಯೇ ಆದೆ. ಚಿಕ್ಕನರಗುಂದದಿಂದ ಪಂಪು ತಂದವರೂ, ನನ್ನದನ್ನೇನೂ ಕತ್ತರಿಸಬೇಡವ್ವಾ ಎಂದು ಕೈ ಮುಗಿಯುತ್ತಿದ್ದರು. ಭಾವ ಟೆಂಪೋ ಮಾತಾಡಿಕೊಂಡು, ಲೇಥಿನ ಕಾಲು ಬಿಚ್ಚಲು ಇಬ್ಬರನ್ನು ಕರೆತಂದ. ನಾನು ಲೇಥು ಚಾಲೂ ಮಾಡಿ ಒಂದು ಶಾಫ್ಟು ಕಚ್ಚಿಸಿ ಕೆಲಸ ಹಿಡಿದೆ. ಸಂಜೆಯ ತನಕ ನಿಲ್ಲಿಸಲಿಲ್ಲ. ಮರುದಿನವೂ ಹಾಗೇ. ತಿರುಗುವ ಮಶೀನಿನ ಕಾಲು ಬಿಚ್ಚುವ ಗಂಡಸು ರೋಣದಲ್ಲಿ ಇನ್ನೂ ಹುಟ್ಟಿಲ್ಲ. ದಸರೆ ಮುಗಿಯಲಿ ನೋಡೋಣ ಎಂದು ಭಾವ ಟೆಂಪೋ ಕಳಿಸಿಬಿಟ್ಟ. ಅಬ್ಬಾ ಎಲ್ಲವನ್ನೂ ನೋಡುತ್ತ ಕೂತಿದ್ದರು. ಬೈಯಲಿಲ್ಲ, ಬಿಡಿಸಲಿಲ್ಲ.

ಪುಣೆಯ ವ್ಯಾಪಾರಿಗೆ ಹೊಸ ಬೋಲ್ಟು ತರಿಸಲು ಹೇಳಿದವಳು ನಾನೇ. ಧಣಿ ಬರಲಿ ಬಿಡಲಿ, ಬಿಚ್ಚಿದ ಎಂಜಿನ್ನನ್ನು ಬಿಚ್ಚಿದ ಹಾಗೇ ಬಿಡಲು ಬರುವುದಿಲ್ಲ. ಪಾರ್ಸಲ್ಲು ಸೊಲ್ಲಾಪುರದ ದಾರಿ ಹಿಡಿದು ಬರುತ್ತಿದ್ದಾಗಲೇ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರು. ಮಲಪ್ರಭೆ ಕೊಣ್ಣೂರಿನ ಸೇತುವೆ ಹತ್ತಿತು, ಗಾಡಿಗಳೆಲ್ಲ ಆಚೆ ದಂಡೆಯಲ್ಲಿ ನಿಂತವು. ಪಾರ್ಸಲ್ ಗಾಡಿಯ ಡ್ರೈವರು ಫೋನು ಮಾಡಿ, ತಾನು ವಾಪಸು ಹೋಗುವುದಾಗಿ ಹೇಳಿದ. ನಾನು ಫೋನಿನಲ್ಲೇ ಅವನ ಜೊತೆ ಜಗಳಾಡಿದ್ದು ಅಬ್ಬಾನ ಕಿವಿಗೆ ಬಿದ್ದಿರಬೇಕು.

ಮರುದಿನ ಬೆಳಗ್ಗೆ ಅಬ್ಬಾ ಮನೆಯಲ್ಲಿ ಇರಲಿಲ್ಲ. ಮಸೀದಿಯಲ್ಲಿ ಇರಲಿಲ್ಲ, ಚಹಾದಂಗಡಿಯಲ್ಲಿ ಇರಲಿಲ್ಲ. ನಾನು ಗಾಬರಿಯಿಂದ ಇಡೀ ಊರು ತಿರುಗಿದೆ. ಇಳಿಹೊತ್ತಿಗೆ ಯಾರದೋ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಂದಿಳಿದರು. ಮೊಣಕಾಲ ತನಕ ರಾಡಿ, ಬೆನ್ನು ಬಿಲ್ಲಾಗಿತ್ತು. ಸೇತುವೆಯ ಮೇಲಿನ ನೀರು ಇಳಿದಿತ್ತು, ನಡೆದು ಹೋಗುವವರನ್ನಷ್ಟೇ ಬಿಡುತ್ತಿದ್ದರಂತೆ. ಕೆಸರಿನ ಸೇತುವೆ ದಾಟಿ, ಡ್ರೈವರನನ್ನು ಹುಡುಕಿ, ಪಾರ್ಸಲ್ಲು ಇಸಿದುಕೊಂಡು, ಮತ್ತೆ ದಾಟಿ ಬಂದಿದ್ದರು. ಈ ಬೆನ್ನು ಇಟ್ಟುಕೊಂಡು ಎಂದು ನಾನು ಬೈಯಲು ಬಾಯಿ ತೆಗೆದೆ. ಅವರು ಡಬ್ಬಿಯನ್ನು ನನ್ನ ಮೇಜಿನ ಮೇಲೆ ಇಟ್ಟು, ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು.

"ಧಣಿ ಮುಂದ ನಿಂತು ಇಲ್ಲ ಅನ್ನಾಕ ನನಗ ಎಂದೂ ಆಗಿಲ್ಲ, ಹಸೀನಾ," ಎಂದರು. "ಏನ್ ಕೇಳಿದ್ರೂ ಆಗಲಿ ಅಂದೆ. ಒಂದೊಂದ್ಸಲ ಭಾಳ ಅಂಜಿಕೊಂಡು ಆಗಲಿ ಅಂದೇನಿ."

ಅಷ್ಟು ಹೇಳಿ ಕಾಲು ತೊಳೆಯಲು ನೀರು ಕೇಳಿದರು. ಅಂಗಡಿಯ ಮಾತು ಅವರು ಎತ್ತಲಿಲ್ಲ, ನಾನೂ ಕೆದಕಲಿಲ್ಲ. ರಾತ್ರಿ ಊಟಕ್ಕೆ ತಟ್ಟೆ ಒಂದೇ ಆಯಿತು.

ಆ ಬೋಲ್ಟು ಟ್ರ್ಯಾಕಿನ ಮೇಲೆ ತುಂಡಾಗುತ್ತಿತ್ತೋ ಇಲ್ಲವೋ ಎಂದು ಇವತ್ತಿಗೂ ಕೇಳುವವರಿದ್ದಾರೆ. ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಒಬ್ಬ ಮನುಷ್ಯನನ್ನು ಅದರ ಮೇಲೆ ಕೂಡಿಸಬೇಕಿತ್ತು. ಒಳ್ಳೆಯ ಬೋಲ್ಟು ಹಾಳು ಮಾಡಿದಳು ಎಂದು ಹೇಳುವವರು ಹೇಳಿಕೊಳ್ಳಲಿ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅಬ್ಬಾ ಹೇಳಿಕಳಿಸಿದ ಮೇಲೆ ಅಂದಾನಪ್ಪನವರು ಬಂದರು. ಮುಖ ಬಿಗಿದುಕೊಂಡೇ ಬಂದರು, ಚಹಾ ಬೇಡವೆಂದರು. ಮಳೆ ನಿಂತು ಹೊರಪಾಗಿತ್ತು, ಗುಡ್ಡ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಏನಾಗುತ್ತದೋ ನೋಡಲು ಭಾವನೂ ರೋಣದಿಂದ ಬಂದು ಬಾಗಿಲಲ್ಲಿ ನಿಂತಿದ್ದ. ನಾನು ಧಣಿಯ ಕೈಗೆ ಬ್ಯಾಟರಿ ಕೊಟ್ಟು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಒಳಗೆ ನೋಡಿರಿ ಎಂದೆ. ಅವರು ಒಂದೊಂದೇ ರಾಡಿನ ಮೇಲೆ ಬೆಳಕು ಬಿಟ್ಟು ನೋಡಿದರು. ಕೊನೆಯ ಬೋಲ್ಟು ಉಳಿಯಿತು. ಅವರ ಕೈ ರೂಢಿಯ ಪ್ರಕಾರ ಮುಂದೆ ಬಂತು. ನಾನು ಪಾನಾ ಕೊಡಲಿಲ್ಲ. ಇದನ್ನು ನಾನೇ ಬಿಗಿಯುತ್ತೇನೆ, ಇನ್ನು ಮುಂದೆ ಇಲ್ಲಿ ಎಲ್ಲವನ್ನೂ ನಾನೇ ಬಿಗಿಯುತ್ತೇನೆ ಎಂದೆ. ಅದು ಯಾರ ಅಂಗಡಿ ಎಂದು ಗೊತ್ತಿಲ್ಲದೆಯೇ ಹಾಗೆ ಅಂದುಬಿಟ್ಟೆ.

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅಬ್ಬಾನ ಕಡೆ ತಿರುಗಿದರು. "ಏನ್ ಮೌಲಾಸಾಬ, ನಿನ್ನ ರಿವಾಜು ಎಲ್ಲಿ ಹೋತು?"

ಅಬ್ಬಾ ಮಂಚದ ಮೇಲೆ ಕೂತಿದ್ದರು. ಭಾವನನ್ನು ನೋಡಿದರು, ಆಮೇಲೆ ಧಣಿಯನ್ನು.

"ನನ್ನ ಯಾಕ ಕೇಳ್ತೀರಿ, ಸಾವ್ಕಾರ್ರ," ಎಂದರು. "ಅಂಗಡಿ ಅಕೀದು."

ನಾನು ತಲೆ ಎತ್ತಲಿಲ್ಲ. ಎಳೆದೆ, ಟಕ್ ಅಂದಿತು, ಬಿಟ್ಟೆ. ಮೈಕ್ರೋಮೀಟರು ಹಚ್ಚಿದರೆ ಕಣ್ಣಲ್ಲಿ ನೀರು ತುಂಬಿ ಗೆರೆ ಕಾಣಲಿಲ್ಲ. ತೋಳಿನಿಂದ ಒರೆಸಿಕೊಂಡೆ. ಮತ್ತೆ ಅಳೆದೆ.